ಕಾರಿನೊಳಗಿನ ವಾಸನೆ: ಮೊದಲು ಅದು ಕೂತಿರುವ ಜಾಗ ಹುಡುಕಿ

ಪ್ರಶ್ನೆ: ನಮ್ಮ ಕಾರಿಗೆ ಆರು ವರ್ಷ. ಇತ್ತೀಚೆಗೆ ಎಸಿ ಹಾಕಿದ ಕೂಡಲೇ ಒಣಗದ ಬಟ್ಟೆಯಂಥ ಮುಗ್ಗಲು ವಾಸನೆ ಬರುತ್ತದೆ. ಐದು ನಿಮಿಷ ಕಳೆದರೆ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಎರಡು ತಿಂಗಳ ಹಿಂದೆ ಮಗ ಹಿಂದಿನ ಸೀಟಿನ ಮೇಲೆ ಹಾಲು ಚೆಲ್ಲಿದ. ಆಗಲೇ ಒರೆಸಿದ್ದೆವು. ಆದರೂ ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಹುಳಿ ನಾತ ಮುಖಕ್ಕೆ ಹೊಡೆಯುತ್ತದೆ. ಎರಡು ಸಲ ವಾಶ್ ಮಾಡಿಸಿದೆ, ಮೂರು ಥರದ ಪರ್ಫ್ಯೂಮ್ ಇಟ್ಟೆ. ಈಗ ಹಾಲು, ಬೂಷ್ಟು, ನಿಂಬೆ ಎಲ್ಲ ಸೇರಿ ತಲೆನೋವು ಬರುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಮೂರೂ ಪರ್ಫ್ಯೂಮ್ ತೆಗೆದು ಹೊರಗಿಡಿ. ಅವು ಒಳಗಿದ್ದರೆ ಕೆಟ್ಟ ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದಕ್ಕೇ ಆಗುವುದಿಲ್ಲ. ಪರ್ಫ್ಯೂಮ್ ಯಾವ ವಾಸನೆಯನ್ನೂ ತೆಗೆಯುವುದಿಲ್ಲ. ಅದರ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟೇ. ಮುಚ್ಚಿದ ಕಾರು ಬಿಸಿಯಾದಾಗ ಎರಡೂ ಒಟ್ಟಿಗೆ ಮೇಲೇಳುತ್ತವೆ. ನಿಮ್ಮ ತಲೆನೋವಿಗೆ ಹಾಲಿಗಿಂತ ಆ ನಿಂಬೆ ಡಬ್ಬಿಯೇ ಕಾರಣ ಇದ್ದರೂ ಇರಬಹುದು.

ನಿಮ್ಮ ಕಾರಿನಲ್ಲಿರುವುದು ಒಂದು ವಾಸನೆ ಅಲ್ಲ, ಎರಡು. ಎಸಿ ಹಾಕಿದಾಗ ಬರುವುದು ಬೂಷ್ಟಿನದು. ಬಿಸಿಲಿಗೆ ನಿಂತಾಗ ಬರುವುದು ಹಾಲಿನದು. ಎರಡೂ ಕೂತಿರುವ ಜಾಗ ಬೇರೆ, ತೆಗೆಯುವ ದಾರಿಯೂ ಬೇರೆ. ಎರಡು ಸಲ ವಾಶ್ ಮಾಡಿಸಿಯೂ ಹೋಗಲಿಲ್ಲ ಅಂದರೆ ಆಶ್ಚರ್ಯವೇನಿಲ್ಲ. ವಾಶ್ ಮಾಡುವವರು ಕೈಗೆ ಸಿಗುವ ಜಾಗವನ್ನು ತೊಳೆಯುತ್ತಾರೆ. ವಾಸನೆ ಕೂರುವುದು ಕೈಗೆ ಸಿಗದ ಜಾಗದಲ್ಲಿ.

ಹುಡುಕುವ ಮೊದಲು ಮೂಗಿನ ಬಗ್ಗೆ ಒಂದು ಮಾತು. ಯಾವುದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ದಿನಾ ಓಡಿಸುವವರಿಗೆ ಅವರ ಕಾರಿನ ವಾಸನೆ ಗೊತ್ತೇ ಆಗುವುದಿಲ್ಲ. ಎಸಿ ವಾಸನೆ ಐದು ನಿಮಿಷದಲ್ಲಿ ಕಡಿಮೆಯಾಗುತ್ತದೆ ಅಂದಿರಲ್ಲ, ಅದರಲ್ಲಿ ಸ್ವಲ್ಪ ಪಾಲು ನಿಮ್ಮ ಮೂಗಿನದೇ. ಹಾಗಾಗಿ ಕಾರನ್ನು ಕಿಟಕಿ ಪೂರ್ತಿ ಮುಚ್ಚಿ ಮೂರು ನಾಲ್ಕು ಗಂಟೆ ಬಿಸಿಲಲ್ಲಿ ಬಿಡಿ. ಆಮೇಲೆ ಒಂದೊಂದೇ ಬಾಗಿಲು ತೆಗೆದು, ತೆಗೆದ ತಕ್ಷಣ ತಲೆ ಒಳಗೆ ಹಾಕಿ ಮೂಸಿ. ನೆಲದ ಹತ್ತಿರ, ಸೀಟಿನ ಸಂದಿ, ಡಿಕ್ಕಿ, ಗ್ಲೋವ್ ಬಾಕ್ಸ್. ನಡುನಡುವೆ ಹೊರಗೆ ಬಂದು ಎರಡು ನಿಮಿಷ ಚೆನ್ನಾಗಿ ಉಸಿರಾಡಿ. ನಿಮ್ಮ ಕಾರಿನಲ್ಲಿ ಓಡಾಡದ ಒಬ್ಬರನ್ನು ಜೊತೆಗೆ ಕರೆದರೆ ಇನ್ನೂ ಒಳ್ಳೆಯದು. ನೋಡುವವರಿಗೆ ತಮಾಷೆಯಾಗಿ ಕಾಣಿಸುತ್ತದೆ, ಕಾಣಲಿ ಬಿಡಿ.

ಈಗ ಎಸಿ ವಿಷಯ. ಡ್ಯಾಶ್‌ಬೋರ್ಡಿನ ಒಳಗೆ, ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಅಥವಾ ಅದರ ಪಕ್ಕದಲ್ಲಿ, ಎವಾಪರೇಟರ್ ಅಂತ ಒಂದು ಭಾಗ ಇರುತ್ತದೆ. ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದು ಚಿಕ್ಕ ಚೌಕ. ಎಸಿ ಹಾಕಿದಾಗ ಅದು ತಣ್ಣಗಾಗುತ್ತದೆ, ಗಾಳಿ ಅದರ ಮೂಲಕ ಹಾದು ನಿಮ್ಮ ಮುಖಕ್ಕೆ ಬರುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವುದಿಲ್ವಾ, ಹಾಗೇ ಗಾಳಿಯಲ್ಲಿರುವ ತೇವ ಈ ರೆಕ್ಕೆಗಳ ಮೇಲೆ ನೀರಾಗುತ್ತದೆ. ಆ ನೀರು ಒಂದು ಸಣ್ಣ ಪೈಪಿನ ಮೂಲಕ ಕಾರಿನ ಕೆಳಗೆ ಇಳಿದು ಹೋಗಬೇಕು. ನೀವು ಕಾರು ನಿಲ್ಲಿಸಿ ಎಸಿಯನ್ನೂ ಫ್ಯಾನನ್ನೂ ಒಟ್ಟಿಗೆ ಆಫ್ ಮಾಡಿ ಹೋಗುತ್ತೀರಿ. ರೆಕ್ಕೆಗಳು ಒದ್ದೆಯಾಗಿಯೇ ಉಳಿಯುತ್ತವೆ. ಒಳಗೆ ಕತ್ತಲೆ, ಮೇಲೆ ತೆಳ್ಳಗೆ ಧೂಳು, ಕಾರು ನಿಂತ ಮೇಲೆ ಬೆಚ್ಚಗಿನ ಗಾಳಿ. ಬೂಷ್ಟಿಗೆ ಮತ್ತು ಬ್ಯಾಕ್ಟೀರಿಯಾಗಳಿಗೆ ಇನ್ನೇನು ಬೇಕು? ಮರುದಿನ ಫ್ಯಾನ್ ತಿರುಗಿದ ಕೂಡಲೇ ರಾತ್ರಿಯೆಲ್ಲ ಅಲ್ಲಿ ಕೂಡಿಕೊಂಡ ವಾಸನೆ ಒಮ್ಮೆಲೇ ಹೊರಗೆ ಬರುತ್ತದೆ.

ಇದಕ್ಕೆ ಮೊದಲ ಕೆಲಸ ಕ್ಯಾಬಿನ್ ಫಿಲ್ಟರ್, ಅಂದರೆ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಜಾಲರಿ, ತೆಗೆದು ನೋಡುವುದು. ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆ ಒಂದು ಉದ್ದನೆಯ ಮುಚ್ಚಳ ಕಾಣುತ್ತದೆ, ಅದರೊಳಗೆ ಇರುತ್ತದೆ. ಎಷ್ಟೋ ಜನರಿಗೆ ಇಂಥದೊಂದು ಫಿಲ್ಟರ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ನಾನು ಬಿಚ್ಚಿದ ಒಂದು ಕಾರಿನಲ್ಲಿ ಫಿಲ್ಟರಿನ ಮಡಿಕೆಗಳ ನಡುವೆ ಒಣಗಿದ ಎಲೆಚೂರು, ಸೀಟಿನೊಳಗಿನ ಹತ್ತಿ, ಕಡಲೆಕಾಯಿ ಸಿಪ್ಪೆ ಎಲ್ಲ ಸೇರಿಸಿ ಇಲಿಯೊಂದು ಗೂಡು ಕಟ್ಟಿತ್ತು. ಮಧ್ಯದಲ್ಲಿ ಮುಷ್ಟಿಯಷ್ಟು ಅಗಲದ ಗುಳಿ, ಸುತ್ತ ಹಳದಿ ಕಲೆ. ಆ ಕುಟುಂಬ ಒಂದು ವರ್ಷದಿಂದ ಆ ಗೂಡಿನ ಮೂಲಕ ಬಂದ ಗಾಳಿಯನ್ನೇ ಕುಡಿಯುತ್ತಿತ್ತು. ನಿಮ್ಮದು ಅಷ್ಟು ಕೆಟ್ಟಿರಲಿಕ್ಕಿಲ್ಲ. ಆದರೆ ಬೂದು ಬಣ್ಣಕ್ಕೆ ತಿರುಗಿದ್ದರೆ, ಮೂಸಿದಾಗ ಮುಗ್ಗಲು ಅನಿಸಿದರೆ, ಕೊಡವಿ ಮತ್ತೆ ಹಾಕಬೇಡಿ. ಹೊಸದು ಹಾಕಿ. ಸಾಮಾನ್ಯವಾಗಿ 15,000 ದಿಂದ 20,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಾಯಿಸುವುದು ರೂಢಿ. ಧೂಳು ಜಾಸ್ತಿ ಇದ್ದರೆ ಇನ್ನೂ ಬೇಗ. ಇದ್ದಿಲು ಪದರ ಇರುವ ಫಿಲ್ಟರ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಹೊರಗಿನ ಹೊಗೆ ವಾಸನೆಯನ್ನೂ ಸ್ವಲ್ಪ ತಡೆಯುತ್ತದೆ. ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಅದು ಗಾಳಿ ಹರಿಯುವ ದಿಕ್ಕು, ತಲೆಕೆಳಗಾಗಿ ಹಾಕಬೇಡಿ.

ಬರೀ ಫಿಲ್ಟರ್ ಬದಲಾಯಿಸಿದರೆ ಸಾಲದು, ಬೂಷ್ಟು ಇರುವುದು ಎವಾಪರೇಟರ್ ಮೇಲೆ. ಅದಕ್ಕೆ ಅಂತಲೇ ನೊರೆ ಬರುವ ಎಸಿ ಕ್ಲೀನರ್ ಡಬ್ಬಿಗಳು ಸಿಗುತ್ತವೆ. ಅದರ ಜೊತೆ ಬರುವ ಉದ್ದನೆಯ ಕೊಳವೆಯನ್ನು ನೀರಿಳಿಯುವ ಪೈಪಿನ ಮೂಲಕ ಒಳಗೆ ತೂರಿಸಿ ನೊರೆ ಬಿಡುವುದು ನನಗೆ ಇಷ್ಟವಾದ ವಿಧಾನ. ನೊರೆ ಎವಾಪರೇಟರ್ ತನಕ ಏರಿ, ಕರಗಿ, ಕೊಳೆಯನ್ನು ಹೊತ್ತುಕೊಂಡು ಅದೇ ಪೈಪಿನಲ್ಲಿ ಇಳಿಯುತ್ತದೆ. ಮೊದಲ ಲೋಟದಷ್ಟು ನೀರು ಕಪ್ಪಗೆ ಬಂದರೆ ಗಾಬರಿ ಬೇಡ, ಖುಷಿ ಪಡಿ. ನೊರೆ ಬಿಡುವಾಗ ಫ್ಯಾನ್ ಆಫ್ ಇರಲಿ. ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಎಸಿ ಇಲ್ಲದೆ ಬರೀ ಫ್ಯಾನನ್ನು ಹತ್ತು ಹದಿನೈದು ನಿಮಿಷ ಜೋರಾಗಿ ಓಡಿಸಿ, ಎಲ್ಲ ಬಾಗಿಲೂ ತೆಗೆದಿಟ್ಟು. ಫಿಲ್ಟರ್ ಜಾಗದಿಂದ ಸಿಂಪಡಿಸುವುದಾದರೆ ಕೈ ಹಿಡಿತದಲ್ಲಿರಲಿ, ಅಲ್ಲೇ ಪಕ್ಕದಲ್ಲಿ ಬ್ಲೋವರ್ ಮೋಟರಿನ ವಯರಿಂಗ್ ಇರುತ್ತದೆ. ಡ್ಯಾಶ್‌ಬೋರ್ಡಿನ ಮುಂದಿನ ಕಿಂಡಿಗಳಿಗೆ ಸ್ಪ್ರೇ ಹೊಡೆದು ಎಸಿ ಕ್ಲೀನ್ ಆಯ್ತು ಅನ್ನುವವರನ್ನು ನಂಬಬೇಡಿ. ಅದು ಬೆರಳು ತೊಳೆದು ಹೊಟ್ಟೆ ಸ್ವಚ್ಛವಾಯಿತು ಅಂದ ಹಾಗೆ.

ಪೈಪಿನ ವಿಷಯ ಬಂತಲ್ಲ, ಅದನ್ನೂ ಪರೀಕ್ಷೆ ಮಾಡಿ. ಸೆಕೆ ಇರುವ ದಿನ ಎಸಿ ಹಾಕಿ ಕಾರನ್ನು 15-20 ನಿಮಿಷ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ನೀರು ತೊಟ್ಟಿಕ್ಕುತ್ತಿರಬೇಕು. ಒಂದು ಹನಿಯೂ ಇಲ್ಲ, ಜೊತೆಗೆ ಮುಂದಿನ ಸೀಟಿನ ಕಾಲಡಿ ಮ್ಯಾಟ್ ತೇವ ಅಂದರೆ ಪೈಪ್ ಕಟ್ಟಿಕೊಂಡಿದೆ, ನೀರು ಒಳಗೇ ಇಳಿಯುತ್ತಿದೆ. ಆಗ ನೀವು ಏನೇ ಸಿಂಪಡಿಸಿದರೂ ವಾಸನೆ ಮತ್ತೆ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಅಭ್ಯಾಸವೊಂದನ್ನು ಬದಲಾಯಿಸಿದರೆ ಸಾಕು. ತಲುಪುವ ಜಾಗ ಮೂರು ನಾಲ್ಕು ನಿಮಿಷ ದೂರ ಇರುವಾಗಲೇ ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಹಾಗೇ ಓಡಲಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಎವಾಪರೇಟರ್ ಒಣಗುತ್ತದೆ. ಕಾಸು ಖರ್ಚಿಲ್ಲದ ಈ ಕೆಲಸ ಎಲ್ಲ ಡಬ್ಬಿ ಕ್ಲೀನರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅನುಭವ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿಟ್ಟು ವರ್ಷಾನುಗಟ್ಟಲೆ ಮರೆಯುವವರೂ ಇದ್ದಾರೆ. ಅವರ ಕಾರಿನಲ್ಲಿ ನಿನ್ನೆಯ ಉಸಿರೇ ಇವತ್ತೂ ಸುತ್ತುತ್ತಿರುತ್ತದೆ.

ಇನ್ನು ಹಾಲು. ಇದು ಎಸಿಗಿಂತ ಹಟಮಾರಿ.

ನೀವು ಒರೆಸಿದ್ದು ಬಟ್ಟೆಯ ಮೇಲಿದ್ದ ಹಾಲನ್ನು. ಉಳಿದದ್ದು ಹೊಲಿಗೆಯ ತೂತುಗಳ ಮೂಲಕ ಫೋಮಿಗೆ ಇಳಿದಿರುತ್ತದೆ. ಸ್ವಲ್ಪ ಸೀಟು ಮತ್ತು ಬೆನ್ನಿನ ಸಂದಿಯಲ್ಲಿ ಹರಿದು ಕೆಳಗಿನ ಕಾರ್ಪೆಟ್ ಸೇರಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಬರುತ್ತದೆ. ಕೆಟ್ಟ ಬೆಣ್ಣೆಯಲ್ಲೂ ವಾಂತಿಯಲ್ಲೂ ಮೂಗಿಗೆ ಹೊಡೆಯುವುದು ಇದೇ. ಬಿಸಿಲಿಗೆ ನಿಂತ ಕಾರಿನ ಒಳಗೆ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ಆ ಬಿಸಿಗೆ ಈ ಬ್ಯುಟಿರಿಕ್ ಆಮ್ಲ ಆವಿಯಾಗಿ ಏಳುತ್ತದೆ. ಅದಕ್ಕೇ ನಿಮಗೆ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಬಿಸಿನೀರು ಅಥವಾ ಸ್ಟೀಮ್. ಬಿಸಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ತಣ್ಣೀರು ಅಥವಾ ಉಗುರು ಬೆಚ್ಚಗಿನದು ಸಾಕು. ಬೇಕಾಗುವುದು ಎನ್‌ಜೈಮ್ ಕ್ಲೀನರ್. ಸಾಕುಪ್ರಾಣಿಗಳ ಮೂತ್ರದ ವಾಸನೆಗೆ ಅಂತ ಮಾರುವಂಥದ್ದು. ಆದರೆ ಪ್ರೋಟೀನು ಮತ್ತು ಕೊಬ್ಬು ಎರಡನ್ನೂ ಒಡೆಯುತ್ತದೆ ಅಂತ ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ಸೋಪು ವಾಸನೆ ಹರಡುವ ಕೊಳೆಯನ್ನು ಜಾರಿಸುತ್ತದೆ. ಎನ್‌ಜೈಮ್ ಆ ಕೊಳೆಯನ್ನೇ ಚೂರು ಮಾಡುತ್ತದೆ. ಫೋಮಿನ ಆಳದಲ್ಲಿ ಕುಂಚ ಹೋಗದ ಕಡೆ ಇದೇ ಗತಿ.

ಹಿಂದಿನ ಸೀಟಿನ ಕೆಳಭಾಗ ಬಹಳ ಕಾರುಗಳಲ್ಲಿ ಎರಡು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಮುಂದಿನ ಅಂಚನ್ನು ಹಿಡಿದು ಮೇಲಕ್ಕೆ ಎಳೆದರೆ ಟಕ್ ಅಂತ ಬಿಡುತ್ತದೆ. ಕೆಲವದರಲ್ಲಿ ಬೋಲ್ಟ್ ಇರುತ್ತದೆ, ಕಾರಿನ ಕೈಪಿಡಿ ನೋಡಿ. ಎತ್ತುವಾಗ ಕೆಳಗೆ ವಯರ್ ಏನಾದರೂ ಇದೆಯಾ ಗಮನಿಸಿ. ಸೀಟುಗಳ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ಸೀಟು ಹೊರಗೆ ಬಂದ ಮೇಲೆ ತಿರುಗಿಸಿ ಫೋಮಿನ ಹಿಂಭಾಗ ನೋಡಿ. ಹಾಲು ಇಳಿದ ಜಾಗದಲ್ಲಿ ಹಳದಿ ಅಂಚಿನ ಕಲೆ ಇರುತ್ತದೆ, ಮುಟ್ಟಿದರೆ ಸ್ವಲ್ಪ ಬಿರುಸು. ಮೂಗು ಹತ್ತಿರ ಹಿಡಿದರೆ ಸಾಕು, ಇದೇ ಅಂತ ಗೊತ್ತಾಗುತ್ತದೆ.

ಆ ಜಾಗವನ್ನು ಹಾಲು ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟು ಆಳಕ್ಕೆ ಎನ್‌ಜೈಮಿನಲ್ಲಿ ನೆನೆಸಬೇಕು. ಮೇಲೆ ಎರಡು ಸಲ ಪುಸ್ ಪುಸ್ ಅಂತ ಹೊಡೆದರೆ ಪ್ರಯೋಜನ ಇಲ್ಲ. ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕೆಲವು ಗಂಟೆ ನೆರಳಲ್ಲಿ ಬಿಡಿ. ಎನ್‌ಜೈಮ್ ಕೆಲಸ ಮಾಡುವುದು ಒದ್ದೆ ಇರುವ ತನಕ ಮಾತ್ರ, ಒಣಗಿದರೆ ನಿಂತುಹೋಗುತ್ತದೆ. ಬ್ಲೀಚ್, ಫಿನಾಯಿಲ್ ಥರದ್ದನ್ನು ಇದರ ಜೊತೆ ಹಾಕಬೇಡಿ, ಎನ್‌ಜೈಮ್ ಕೆಟ್ಟುಹೋಗುತ್ತದೆ. ಆಮೇಲೆ ತಣ್ಣೀರು ಸಿಂಪಡಿಸಿ, ನೀರು ಎಳೆಯುವ ವ್ಯಾಕ್ಯೂಮಿನಿಂದ ಚೆನ್ನಾಗಿ ಹೀರಿಸಿ. ವ್ಯಾಕ್ಯೂಮ್ ಇಲ್ಲದಿದ್ದರೆ ದಪ್ಪ ಟವೆಲ್ ಇಟ್ಟು ಮೇಲೆ ನಿಂತು ಒತ್ತಿ. ಸೀಟು ಚರ್ಮದ್ದಾದರೆ ಮೇಲಿನಿಂದ ನೆನೆಸುವುದು ಬೇಡ, ಹಿಂದಿನಿಂದ ಫೋಮಿಗಷ್ಟೇ ಹಾಕಿ.

ಕೆಳಗಿನ ಕಾರ್ಪೆಟನ್ನು ಮರೆಯಬೇಡಿ. ಸೀಟ್ ಬೆಲ್ಟ್ ಸಿಕ್ಕಿಸುವ ಬಕಲ್ ಬುಡವನ್ನೂ. ಬೆಲ್ಟಿನ ಪಟ್ಟಿ ಬೆವರು ಹೀರುತ್ತದೆ, ಅದನ್ನು ಯಾರೂ ತೊಳೆಯುವುದಿಲ್ಲ. ಪೂರ್ತಿ ಎಳೆದು, ಒಳಗೆ ಹೋಗದ ಹಾಗೆ ಕ್ಲಿಪ್ ಹಾಕಿ, ತೆಳುವಾದ ಸೋಪು ನೀರಿನಲ್ಲಿ ಒರೆಸಿ. ಚೆನ್ನಾಗಿ ಒಣಗಿದ ಮೇಲೇ ಒಳಗೆ ಬಿಡಿ. ಬ್ಲೀಚ್ ಮಾತ್ರ ಬೇಡ, ನೂಲಿನ ಶಕ್ತಿ ಹೋಗುತ್ತದೆ.

ಒಣಗಿಸುವುದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಯಾಕೆಂದರೆ ನಾನೇ ಇದರಲ್ಲಿ ಸೋತಿದ್ದೇನೆ. ಕೆಲಸ ಕಲಿಯುವ ದಿನಗಳಲ್ಲಿ ಒಬ್ಬರ ಕಾರಿನ ಕಾರ್ಪೆಟನ್ನು ಪೈಪಿನ ನೀರು ಹಾಕಿ ಉತ್ಸಾಹದಿಂದ ಉಜ್ಜಿದೆ. ಸಂಜೆ ಮುಟ್ಟಿ ನೋಡಿದರೆ ಗರಿಗರಿ ಒಣಗಿತ್ತು. ಕೊಟ್ಟು ಕಳಿಸಿದೆ. ನಾಲ್ಕನೇ ದಿನ ಕಾರು ವಾಪಸ್ ಬಂತು, ಬಾಗಿಲು ತೆಗೆದರೆ ಮೊದಲಿಗಿಂತ ಕೆಟ್ಟ ವಾಸನೆ. ಕಾರ್ಪೆಟ್ ಮೂಲೆ ಎತ್ತಿ ಕೆಳಗಿನ ಫೋಮಿಗೆ ಬೆರಳು ಒತ್ತಿದೆ. ಬೆರಳಿನ ಸುತ್ತ ಕಂದು ನೀರು ಜಿನುಗಿ ಬಂತು, ಸ್ಪಂಜು ಹಿಂಡಿದ ಹಾಗೆ. ಮೇಲಿನ ಬಟ್ಟೆ ಅರ್ಧ ದಿನಕ್ಕೆ ಒಣಗುತ್ತದೆ. ಕೆಳಗಿನ ದಪ್ಪ ಫೋಮ್ ಲೋಹದ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ, ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಒದ್ದೆಯಾದ ಬಟ್ಟೆ, ಫೋಮುಗಳಲ್ಲಿ 24 ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಅವತ್ತಿನಿಂದ ಕಾರ್ಪೆಟನ್ನು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು, ಟೇಬಲ್ ಫ್ಯಾನ್ ಇಟ್ಟು ಒಣಗಿಸುತ್ತೇನೆ. ಎರಡು ದಿನ ಹಿಡಿದರೂ ಸರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ.

ಏನೂ ಚೆಲ್ಲದೆ, ಎಸಿ ಪೈಪೂ ಸರಿ ಇದ್ದು, ಕಾರ್ಪೆಟ್ ಕೆಳಗೆ ತೇವ ಸಿಕ್ಕಿದರೆ ನೀರು ಹೊರಗಿನಿಂದ ಬರುತ್ತಿರಬಹುದು. ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿ ನೀರು ಹೋಗುವ ದಾರಿ ಮುಚ್ಚಿರಬಹುದು. ಸನ್‌ರೂಫ್ ಇದ್ದರೆ ಅದರ ಮೂಲೆಗಳ ಸಣ್ಣ ತೂತು ಕಟ್ಟಿಕೊಂಡಿರಬಹುದು. ಬಾಗಿಲಿನ ರಬ್ಬರ್ ಹರಿದಿರಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಆ ಗುಂಡಿಯನ್ನೂ ಒಮ್ಮೆ ನೋಡಿ, ನೀರು ನಿಂತಿರುವುದು ಅಪರೂಪವೇನಲ್ಲ.

ಅಡುಗೆ ಸೋಡಾ ಹಾಕಬಹುದಾ ಅಂತ ಕೇಳುತ್ತೀರಿ ಅಂತ ಗೊತ್ತು. ಹಾಕಿ, ಆದರೆ ಕೊನೆಗೆ. ಎಲ್ಲ ಒಣಗಿದ ಮೇಲೆ ಸೀಟಿನ ಮೇಲೆ ಧಾರಾಳವಾಗಿ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಸೋಡಾ ಕ್ಷಾರ, ಹಾಲಿನ ವಾಸನೆ ಆಮ್ಲ. ಹಾಗಾಗಿ ಉಳಿದ ಚೂರುಪಾರು ವಾಸನೆಯನ್ನು ಹಿಡಿಯುತ್ತದೆ. ಒದ್ದೆ ಇರುವಾಗ ಹಾಕಿದರೆ ಗಟ್ಟಿಯಾಗಿ ಇನ್ನೊಂದು ತಲೆನೋವು. ವಿನೆಗರ್ ಇದಕ್ಕೆ ತದ್ವಿರುದ್ಧ, ಮೀನಿನ ವಾಸನೆಯಂಥ ಕ್ಷಾರದ ವಾಸನೆಗಳಿಗೆ ಅದು ಸರಿ. ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರಿಸುವ ವೀಡಿಯೋಗಳು ನೋಡಲು ಚೆಂದ. ಆದರೆ ಅವು ಒಂದನ್ನೊಂದು ಮುಗಿಸಿಕೊಳ್ಳುತ್ತವೆ, ಉಳಿಯುವುದು ಹೆಚ್ಚು ಕಡಿಮೆ ಉಪ್ಪು ನೀರು. ಇದ್ದಿಲಿನ ಚೀಲಗಳು ಕೆಲಸ ಮಾಡುತ್ತವೆ, ನಿಧಾನವಾಗಿ. ಆಕ್ಟಿವೇಟೆಡ್ ಇದ್ದಿಲಿನ ಒಂದು ಗ್ರಾಮಿನೊಳಗಿನ ಸೂಕ್ಷ್ಮ ತೂತುಗಳನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ, ವಾಸನೆಯ ಕಣಗಳು ಅಲ್ಲಿ ಅಂಟಿಕೊಳ್ಳುತ್ತವೆ. ಒಲೆಯ ಇದ್ದಿಲು ಆ ಮಟ್ಟಕ್ಕೆ ಬರುವುದಿಲ್ಲ. ಕಾಫಿ ಪುಡಿ ಇಟ್ಟರೆ ಕಾಫಿ ವಾಸನೆ ಬರುತ್ತದೆ, ಅಷ್ಟೇ.

ಓಝೋನ್ ಮಾಡಿಸಿ, ಅಂದರೆ ಮುಚ್ಚಿದ ಕಾರಿನೊಳಗೆ ಯಂತ್ರದಿಂದ ಓಝೋನ್ ಅನಿಲ ಬಿಟ್ಟು ವಾಸನೆ ತೆಗೆಸಿ, ಅಂತ ಯಾರಾದರೂ ಹೇಳಬಹುದು. ಸಿಗರೇಟು ಹೊಗೆಗೆ, ಎಲ್ಲ ಸ್ವಚ್ಛ ಮಾಡಿದ ಮೇಲೂ ಉಳಿದ ವಾಸನೆಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಓಝೋನ್ ಶ್ವಾಸಕೋಶಕ್ಕೆ ಕೆಡುಕು, ಜಾಸ್ತಿ ಹೊತ್ತು ಬಿಟ್ಟರೆ ರಬ್ಬರನ್ನೂ ಬಿರುಕು ಬಿಡಿಸುತ್ತದೆ. ಮಾಡಿಸುವಾಗ ಕಾರಿನೊಳಗೆ ಯಾರೂ ಇರಬಾರದು, ನಂತರ ಬಾಗಿಲು ತೆಗೆದು ಗಾಳಿಯಾಡಿಸಲೇಬೇಕು. ಫೋಮಿನಲ್ಲಿ ಹಾಲು ಹಾಗೇ ಇರುವಾಗ ಓಝೋನ್ ಮಾಡಿಸುವುದು ಸುಮ್ನೆ ದುಡ್ಡು ದಂಡ. ಸಿಗರೇಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಆ ವಾಸನೆ ಗಾಜಿನ ಒಳಮೈ ಮತ್ತು ಚಾವಣಿ ಬಟ್ಟೆಯಲ್ಲಿ ಅಂಟಿರುತ್ತದೆ. ಚಾವಣಿಯನ್ನು ಮಾತ್ರ ನೆನೆಸಬೇಡಿ. ಅಂಟು ಬಿಟ್ಟು ಬಟ್ಟೆ ಜೋತು ಬೀಳುತ್ತದೆ. ಒದ್ದೆ ಬಟ್ಟೆಯಿಂದ ಹಗುರವಾಗಿ ಒತ್ತಿ ತೆಗೆಯಿರಿ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಇನ್ನೊಂದು ಮಾತು, ಇದು ಬೇರೆಯವರಿಗೂ ಬೇಕಾಗುತ್ತದೆ. ಕೆಲವು ವಾಸನೆಗಳನ್ನು ಕ್ಲೀನ್ ಮಾಡಲು ಹೋಗಬಾರದು, ಮೆಕ್ಯಾನಿಕ್ ಹತ್ತಿರ ಹೋಗಬೇಕು. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಸ್ಟಾರ್ಟ್ ಮಾಡಬೇಡಿ, ಎಲ್ಲೋ ಸೋರುತ್ತಿದೆ. ಸಿಹಿ ಸಿಹಿ ವಾಸನೆ, ಜೊತೆಗೆ ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು ಕಂಡರೆ ಹೀಟರಿನಿಂದ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಸೋರುತ್ತಿರಬಹುದು. ಅದು ವಿಷ. ಕೊಳೆತ ಮೊಟ್ಟೆ ವಾಸನೆ ಬಂದರೆ ಒಂದೋ ಎಂಜಿನ್ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಇಲ್ಲವೇ ಜಾಸ್ತಿ ಚಾರ್ಜ್ ಆಗಿ ಬಿಸಿಯಾದ ಬ್ಯಾಟರಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಇಳಿದುಬಿಡಿ. ಹೊಗೆಕೊಳವೆಯ ವಾಸನೆ ಒಳಗೆ ಬರುತ್ತಿದ್ದರೆ ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಮೂಗಿಗೆ ಬರುವುದು ಅದರ ಜೊತೆಗಾರರು ಮಾತ್ರ. ಕಾರಿನಲ್ಲಿ ಕೂತಾಗಷ್ಟೇ ತಲೆನೋವು ಬಂದು ಇಳಿದ ಮೇಲೆ ಹೋಗುತ್ತಿದ್ದರೆ ಇದನ್ನು ಮೊದಲು ಪರೀಕ್ಷಿಸಿ. ನಿಮ್ಮ ತಲೆನೋವಿಗೂ ಇದೇ ಮಾತು. ಪರ್ಫ್ಯೂಮ್ ತೆಗೆದ ಮೇಲೂ ನಿಲ್ಲದಿದ್ದರೆ ತಡ ಮಾಡದೆ ತೋರಿಸಿ.

ನಿಮ್ಮ ಕೆಲಸಕ್ಕೆ ಎರಡು ಬಿಸಿಲಿನ ದಿನ ಬೇಕು. ಸೀಟಿನ ಕೆಲಸ ಮೊದಲು ಮಾಡಿ. ಅದು ಒಣಗುತ್ತಿರುವಾಗ ಫಿಲ್ಟರ್ ಮತ್ತು ಎಸಿ ನೋಡಿಕೊಳ್ಳಿ. ಎಲ್ಲ ಜೋಡಿಸಿದ ಮೇಲೆ ಒಂದು ವಾರ ಏನೂ ಪರ್ಫ್ಯೂಮ್ ಇಡದೆ ಓಡಿಸಿ, ಆಮೇಲೆ ಮತ್ತೆ ಬಿಸಿಲಲ್ಲಿ ಮುಚ್ಚಿಟ್ಟು ಹೊರಗಿನವರೊಬ್ಬರಿಂದ ಮೂಸಿಸಿ. ಹಾಲಿನ ಹುಳಿ ಸ್ವಲ್ಪ ಉಳಿದಿದ್ದರೆ ಎನ್‌ಜೈಮ್ ಇನ್ನೊಂದು ಸಲ. ಎರಡು ತಿಂಗಳ ಹಳೆ ಹಾಲಿಗೆ ಎರಡನೇ ಸುತ್ತು ಬೇಕಾಗುವುದು ಸಾಮಾನ್ಯ. ಅದಕ್ಕೂ ಬಗ್ಗದಿದ್ದರೆ ಆ ಸೀಟಿನ ಫೋಮನ್ನೇ ಬದಲಾಯಿಸಿ. ಸೀಟು ಹೊಲಿಯುವವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.